ಮಕ್ಕಳ ಕಥೆ ಬರೀಬೇಕಾ? ಕಥೆಯ ಗಂಟನ್ನು ಮಗುವೇ ಬಿಚ್ಚಲಿ

ನೀಲಗುಂದ (ಹರಪನಹಳ್ಳಿ ತಾ.): ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೀಗೆ ಬಂದ ಮಗುವಿಗೆ ಸಿಗೋ ಕಥೆಗಳಲ್ಲಿ ರಾಜ ಇರ್ತಾನೆ, ನರಿ ಇರುತ್ತೆ, ಬೆಂಗಳೂರಿನ ಅಪಾರ್ಟ್‌ಮೆಂಟೂ ಇರುತ್ತೆ. ಅಪ್ಪ ಅವ್ವ ಗುಳೆ ಹೋದ ಮೇಲೆ ಅಜ್ಜಿ ಜೊತೆ ಉಳಿದ ಹುಡುಗಿ, ಕುರಿ ಹಿಂದೆ ಹೋಗಿ ಶಾಲೆ ತಪ್ಪಿದ ಹುಡುಗ, ಸಂಜೆ ಅಂಗಡಿ ಗಲ್ಲಾದಲ್ಲಿ ಕೂರೋ ಮಗ, ಇವರು ಸಿಗೋದು ಅಪರೂಪ.

ಇವರ ಕಥೆಯನ್ನು ಹೊರಗಿನವರು ಬಂದು ಬರೀಲಿ ಅಂತ ಕಾಯೋದರಲ್ಲಿ ಅರ್ಥ ಇಲ್ಲ. ಇಲ್ಲಿನ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಅಂಗಡಿಯವರು, ಕಾಲೇಜು ಹುಡುಗರೇ ಬರೀಬೇಕು. ಅದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಆದರೆ ಬರೆಯೋ ಮುಂಚೆ ಒಂದಿಷ್ಟು ಲೆಕ್ಕಾಚಾರ ಬೇಕು.

ಯಾವ ವಯಸ್ಸಿನ ಮಗುವಿಗೆ?

‘ಮಕ್ಕಳಿಗೆ ಬರೀತೀನಿ’ ಅಂದ್ರೆ ಸಾಲದು. ಆರು ವರ್ಷದ್ದೂ ಮಗುವೇ, ಹದಿನಾಲ್ಕರದ್ದೂ ಮಗುವೇ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ವೆಬ್‌ಸೈಟ್ ಕಥೆಗಳನ್ನು ನಾಲ್ಕು ಹಂತ ಮಾಡಿದೆ. ಈಗಷ್ಟೇ ಓದು ಕಲಿಯೋರಿಗೆ ಸುಮಾರು 250 ಪದದ ಒಳಗೆ, ಎರಡನೇ ಹಂತಕ್ಕೆ 600 ಪದದವರೆಗೆ, ಮೂರನೇ ಹಂತಕ್ಕೆ 1,500ರವರೆಗೆ, ಸರಾಗವಾಗಿ ಓದೋರಿಗೆ ಅದಕ್ಕೂ ಹೆಚ್ಚು. ಹೊಸದಾಗಿ ಬರೆಯೋರಿಗೆ ಇದು ಒಳ್ಳೆ ಅಳತೆಗೋಲು.

ಇನ್ನೊಂದು ಸಣ್ಣ ಗುಟ್ಟು: ಕಥೆಯ ಹುಡುಗ ಅಥವಾ ಹುಡುಗಿ ಓದೋ ಮಗುವಿಗಿಂತ ಒಂದೆರಡು ವರ್ಷ ದೊಡ್ಡೋರಿದ್ರೆ ಒಳ್ಳೇದು. ಐದನೇ ಕ್ಲಾಸಿನ ಮಗು ಏಳನೇ ಕ್ಲಾಸಿನ ಹುಡುಗಿಯ ಕಥೆ ಆಸೆಯಿಂದ ಓದುತ್ತೆ. ಎರಡನೇ ಕ್ಲಾಸಿನವನ ಕಥೆ ಕೊಟ್ರೆ ‘ಇದು ಸಣ್ಣೋರ್ದು’ ಅಂತ ಪಕ್ಕಕ್ಕಿಡುತ್ತೆ.

ಕಷ್ಟದ ವಿಷಯ ಮಕ್ಕಳಿಗೆ ಬೇಡವಾ?

ಗುಳೆ, ಸಾಲ, ಬರ ಇವೆಲ್ಲ ಮಕ್ಕಳಿಗ್ಯಾಕೆ ಅನ್ನೋರಿದ್ದಾರೆ. ಅದಕ್ಕೆ ಉತ್ತರ ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿದ್ದ ಅವರು ಶರಾವತಿ ಯೋಜನೆಯಿಂದ ಜನ ಊರು ಬಿಟ್ಟಿದ್ದನ್ನು ಹತ್ತಿರದಿಂದ ಬಲ್ಲವರು. ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಮುಳುಗಡೆ ಕಥೆ ಆಗಬಹುದಾದ್ರೆ, ನಮ್ಮ ಮಕ್ಕಳಿಗೆ ಗುಳೆ ಯಾಕಾಗಬಾರದು?

2010ರಿಂದ ಕೊಡ್ತಾ ಇರೋ ಈ ಪುರಸ್ಕಾರಕ್ಕೆ 50 ಸಾವಿರ ರೂಪಾಯಿ, ತಾಮ್ರ ಫಲಕ ಇದೆ. ಕನ್ನಡದಲ್ಲಿ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಇದನ್ನು ಪಡೆದವು. ಮೂರೂ ಕಾದಂಬರಿಗಳೇ. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ, 2025ರಲ್ಲಿ ಪಕ್ಕದ ಬಳ್ಳಾರಿಯ ಕೆ. ಶಿವಲಿಂಗಪ್ಪ ಹಂದಿಹಾಳ್ ಕಥಾ ಸಂಕಲನಗಳಿಗೆ ಪಡೆದರು. ಹಂದಿಹಾಳ್ ಅವರ ಪುಸ್ತಕದ ಹೆಸರು ‘ನೋಟ್‌ಬುಕ್’.

ಒಂದು ಹಾಳೆ, ನಾಲ್ಕು ಪ್ರಶ್ನೆ

ಬರೆಯೋಕೆ ಕೂರೋ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರ್ಕೊಂಡ್ರೆ ಅರ್ಧ ಕೆಲಸ ಮುಗೀತು. ಮಗುವಿಗೆ ಏನು ಬೇಕು? ಅದಕ್ಕೆ ಅಡ್ಡ ಏನಿದೆ? ಮಗು ತಾನೇ ಏನು ಮಾಡುತ್ತೆ? ಮಾಡಿದ್ದಕ್ಕೆ ಯಾರು ಏನು ಕಳ್ಕೊಳ್ತಾರೆ?

ಉದಾಹರಣೆಗೆ ಒಂದು ಕಥೆ ಕಟ್ಟಿ ನೋಡೋಣ. ಹೆಸರು, ಘಟನೆ ಎಲ್ಲ ಕಾಲ್ಪನಿಕ.

ರೇಣುಕಾ ಏಳನೇ ಕ್ಲಾಸು. ಅಪ್ಪ ಅವ್ವ ಕಾಫಿ ತೋಟಕ್ಕೆ ಗುಳೆ ಹೋಗಿದಾರೆ. ಮನೇಲಿ ಅಜ್ಜಿ ಹನುಮವ್ವ ಒಬ್ಬಳೇ. ಕಿರಾಣಿ ಅಂಗಡಿ ಉದ್ರಿ ಪುಸ್ತಕದಲ್ಲಿ ಅಜ್ಜಿ ಹೆಸರಿಗೆ 340 ರೂಪಾಯಿ ಜಾಸ್ತಿ ಬಿದ್ದಿದೆ. ಅಜ್ಜಿ ಜಗಳ ಮಾಡಲ್ಲ. ‘ನನಗೇ ಮರವು ಬಂದೈತೇನೋ’ ಅಂತ ಹೆದರಿ ಸುಮ್ಮನಾಗ್ತಾಳೆ.

ರೇಣುಕಾಗೆ ಬೇಕಾಗಿರೋದು ದುಡ್ಡು ವಾಪಸ್ ಅಲ್ಲ, ಅಜ್ಜಿಯ ಆ ಹೆದರಿಕೆ ಹೋಗಬೇಕು. ಅಡ್ಡ ಇರೋದು ಅಂಗಡಿಯವರ ಋಣ. ವರ್ಷವೆಲ್ಲ ಉದ್ರಿ ಕೊಟ್ಟು ಮನೆ ನಡೆಸಿದೋರ ಮುಂದೆ ‘ನಿಮ್ಮ ಲೆಕ್ಕ ತಪ್ಪು’ ಅನ್ನೋದು ಹೆಂಗೆ? ಇಲ್ಲಿ ಅಂಗಡಿಯವರನ್ನು ಮೋಸಗಾರ ಮಾಡಿಬಿಟ್ರೆ ಬರೆಯೋದು ಸುಲಭ, ಕಥೆ ಮಾತ್ರ ಸಪ್ಪೆ. ಸೋಮವಾರ ಹೋಲ್‌ಸೇಲ್ ಅಂಗಡಿಗೆ ದುಡ್ಡು ಕಟ್ಟಬೇಕಾದ ಒತ್ತಡ ಅವರಿಗೂ ಇದೆ ಅಂತ ತೋರಿಸಿದ್ರೆ, ಗಲ್ಲಾ ಹಿಂದೆ ಕೂತವರೂ ಮನುಷ್ಯರೇ ಅಂತ ಮಗುವಿಗೆ ಗೊತ್ತಾಗುತ್ತೆ.

‘ಆಮೇಲೆ’ ಬೇಡ, ‘ಅದಕ್ಕೇ’ ಬೇಕು

ನಡುವೆ ಕಥೆ ಜೋತು ಬೀಳೋಕೆ ಕಾರಣ ಒಂದೇ. ಆಮೇಲೆ ಇದಾಯ್ತು, ಆಮೇಲೆ ಅದಾಯ್ತು ಅಂತ ಘಟನೆ ಜೋಡಿಸ್ತಾ ಹೋಗೋದು. ಎರಡು ಘಟನೆ ನಡುವೆ ‘ಅದಕ್ಕೇ’ ಅಥವಾ ‘ಆದರೆ’ ಹಾಕೋಕೆ ಬರುತ್ತಾ ನೋಡಬೇಕು. ಬರದಿದ್ರೆ ಆ ಘಟನೆ ತೆಗೀಬಹುದು.

ರೇಣುಕಾಗೆ ಅನುಮಾನ ಬಂತು, ಅದಕ್ಕೇ ಎಂಟು ದಿನ ತಾನೂ ಲೆಕ್ಕ ಬರೀತಾಳೆ. ಆದರೆ ಆ ಎಂಟು ದಿನದ ಲೆಕ್ಕ ಸರಿಯಾಗೇ ಇದೆ. ಅದಕ್ಕೇ ಹಳೆ ಪುಟ ನೋಡೋಕೆ ಕೇಳ್ತಾಳೆ. ಅಲ್ಲಿ ಎಲೆ ಅಡಿಕೆ, ತಂಬಾಕು ಅಂತ ನಾಲ್ಕೈದು ಕಡೆ ಇದೆ. ಆದರೆ ಅವಳಜ್ಜಿ ಎಲೆ ಅಡಿಕೆ ಹಾಕೋದೇ ಇಲ್ಲ! ಊರಲ್ಲಿ ಅಗಸಿ ಹತ್ರ ಇನ್ನೊಬ್ಬ ಹನುಮವ್ವ ಇದ್ದಾಳೆ. ಅವಳ ಸಾಮಾನು ಇವಳ ಹೆಸರಿಗೆ ಬಿದ್ದಿದೆ.

ಗಂಟು ಬಿಚ್ಚಿತು ಅನ್ನೋ ಹೊತ್ತಿಗೆ ಇನ್ನೊಂದು ಗಂಟು. ಆ ಹನುಮವ್ವನಿಗೆ ಯಾರೂ ಇಲ್ಲ. ರೇಣುಕಾ ನಿಜ ಹೇಳಿದ್ರೆ 340 ರೂಪಾಯಿ ಆ ಮುದುಕಿ ತಲೆ ಮೇಲೆ. ಹೇಳದಿದ್ರೆ ತನ್ನಜ್ಜಿ ಹೆದರಿಕೆ ಹಾಗೇ ಉಳಿಯುತ್ತೆ. ನಾಲ್ಕನೇ ಪ್ರಶ್ನೆ ಕೆಲಸಕ್ಕೆ ಬರೋದು ಇಲ್ಲೇ.

ಕೊನೆಗೆ ಬುದ್ಧಿಮಾತು ಬೇಕಾ?

ನೀತಿಕಥೆ ನಮಗೆ ಹೊಸದಲ್ಲ. ನೀಲಗುಂದದ ಭೀಮೇಶ್ವರ ದೇವಸ್ಥಾನ ಚಾಲುಕ್ಯರ ಕಾಲದ್ದು ಅಂತ ಊರಿನವರಿಗೆಲ್ಲ ಗೊತ್ತು. ಅದೇ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದ. ಪಂಚತಂತ್ರದ ಉದ್ದೇಶವೇ ರಾಜಕುಮಾರರಿಗೆ ರಾಜನೀತಿ ಕಲಿಸೋದು, ಅದಕ್ಕೆ ಅಲ್ಲಿ ನೀತಿ ಬೇಕಿತ್ತು. ಶಾಲೇಲಿ ದಿನವೆಲ್ಲ ಬುದ್ಧಿ ಕೇಳಿ ಬಂದ ಮಗು ಕಥೇಲೂ ಅದೇ ಸಿಕ್ಕಿದ್ರೆ ಪುಸ್ತಕ ಮುಚ್ಚುತ್ತೆ.

ರೇಣುಕಾ ಕಥೆಗೆ ಮೂರು ಕೊನೆ ಯೋಚಿಸಬಹುದು. ಮೇಷ್ಟ್ರು ಬಂದು ಪಂಚಾಯ್ತಿ ಮಾಡಿ ಬಗೆಹರಿಸೋದು ಒಂದು. ಹಾಗಾದ್ರೆ ಇಷ್ಟು ಹೊತ್ತು ಹುಡುಗಿ ಪಟ್ಟ ಪಾಡು ದಂಡ. ಅಂಗಡಿಯವರು ಮೆಚ್ಚಿ 340 ಮನ್ನಾ ಮಾಡೋದು ಇನ್ನೊಂದು, ಅದು ಸಿನಿಮಾ. ಮೂರನೇದು: ರೇಣುಕಾ ಅಂಗಡಿಗೆ ಹೋಗೋ ಮುಂಚೆ ಅಗಸಿ ಹನುಮವ್ವನ ಮನೆಗೆ ಹೋಗಿ ಕೂರ್ತಾಳೆ. ಇಬ್ಬರೂ ಒಟ್ಟಿಗೇ ಅಂಗಡಿಗೆ ಬರ್ತಾರೆ. ‘ಸಾವ್ಕಾರ್ರೆ, ಪುಸ್ತಕದಾಗೆ ಹನುಮವ್ವ ಅಂತ ಬರೀಬ್ಯಾಡ್ರಿ, ಓಣಿ ಹೆಸರೂ ಬರೀರಿ’ ಅಂತಾಳೆ. ಉಳಿದದ್ದು ವಾರಕ್ಕಿಷ್ಟು ಅಂತ ಮುದುಕಿಯೇ ಒಪ್ಕೊಳ್ತಾಳೆ. ಯಾರೂ ಬುದ್ಧಿ ಹೇಳಲಿಲ್ಲ. ಹೇಳಬೇಕಾದ್ದನ್ನ ಹುಡುಗಿ ಮಾಡಿ ತೋರಿಸಿದಳು.

ಬರೆಯೋವಾಗ, ತಿದ್ದೋವಾಗ

ಮೊದಲ ಸಲ ತಿದ್ದದೆ ಕೊನೆತನಕ ಬರೀಬೇಕು. ಮೊದಲ ಪುಟವನ್ನೇ ಹತ್ತು ಸಲ ಚಂದ ಮಾಡ್ತಾ ಕೂತ್ರೆ ಎರಡನೇ ಪುಟ ಹುಟ್ಟಲ್ಲ. ತೊಂದರೆ ಆದಷ್ಟು ಬೇಗ ಬರಲಿ. ಸೂರ್ಯೋದಯ, ಹಕ್ಕಿಗಳ ಕಲರವದಿಂದ ಶುರುವಾದ ಪುಟವನ್ನು ಎರಡನೇ ಸಲ ಬರೆಯೋವಾಗ ಹೊಡೆದು ಹಾಕಬಹುದು.

ನಿರೂಪಣೆ ಪಠ್ಯಪುಸ್ತಕದಷ್ಟು ಸರಳ ಇರಲಿ, ಮಾತು ಮಾತ್ರ ಊರಿನದೇ ಇರಲಿ. ಈ ನೆಲದ ಮಾತು ಪುಸ್ತಕಕ್ಕೆ ಒಗ್ಗಲ್ಲ ಅನ್ನೋರಿಗೆ ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ಬರಹಗಳೇ ಉತ್ತರ. ‘ಅರಮನೆ’ ಕಾದಂಬರಿಗೆ ಅವರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗುವಿಗೂ ಬರ ಇಲ್ಲ, ಬೀಚಿ ಹುಟ್ಟಿದ್ದು ಹರಪನಹಳ್ಳಿಯಲ್ಲೇ, 1913ರಲ್ಲಿ.

ಕೊನೇ ಪರೀಕ್ಷೆ ಮಕ್ಕಳ ಮುಂದೆ. ಐದಾರು ಮಕ್ಕಳನ್ನು ಕೂರಿಸಿ ಜೋರಾಗಿ ಓದಬೇಕು. ಎಲ್ಲಿ ಹೊರಗೆ ನೋಡ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ‘ಚೆನ್ನಾಗೈತಾ?’ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ನಡುವೆ ನಿಲ್ಲಿಸಿ ‘ಮುಂದೇನಾಗುತ್ತೆ ಹೇಳ್ರಿ’ ಅಂತ ಕೇಳಬೇಕು. ಸುಮ್ಮನೆ ಕೂತ್ರೆ ಕಥೆ ಹಿಡಿದಿಲ್ಲ. ಜಗಳ ಬಿದ್ದು ಉತ್ತರ ಹೇಳಿದ್ರೆ ಹಿಡಿದಿದೆ.

ತಿದ್ದಿದ ಕಥೆ ಡ್ರಾದಲ್ಲೇ ಉಳೀಬೇಕಾಗಿಲ್ಲ. ಸ್ಟೋರಿವೀವರ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಪ್ರಕಟಿಸಬಹುದು. ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ಮಗುವಿಗೆ ಕಲಿಸಬಹುದು. ಏನೂ ಆಗದಿದ್ರೆ ನಾಲ್ಕು ಝೆರಾಕ್ಸ್ ಮಾಡಿಸಿ ಪಿನ್ ಹೊಡೆದು ಅರಿವು ಕೇಂದ್ರದ ಮಕ್ಕಳ ಕೈಗೆ ಕೊಡಬಹುದು. ನಮ್ಮ ಓಣಿ, ನಮ್ಮ ಅಂಗಡಿ ಇರೋ ಕಥೆಯನ್ನು ಒಂದು ಮಗು ಓದೋಕೆ ಅಷ್ಟೇ ಖರ್ಚು ಸಾಕು.