ಬೆಟ್ಟದ ನೆತ್ತಿಯ ಹಕ್ಕಿಗಳು

ದ್ವೀಪವೆಂದರೆ ನೀರು ಸುತ್ತುವರಿದ ನೆಲವೆಂದು ತರಗತಿಯಲ್ಲಿ ಅರ್ಥ ಹೇಳುತ್ತೇವೆ. ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ನೆತ್ತಿಯ ಹಕ್ಕಿಗಳ ಮಟ್ಟಿಗೆ ಈ ಅರ್ಥ ಸಾಲದು. ಅವುಗಳ ತಂಪು ನೆಲೆಯನ್ನು ಸುತ್ತುವರಿದಿರುವುದು ತಗ್ಗಿನ ಸೆಕೆ. ಅದೇ ಅವಕ್ಕೆ ದಾಟಲಾಗದ ಕಡಲು. ಪಾಲಕ್ಕಾಡಿನ ಕಣಿವೆಯ ಅಗಲ ಸುಮಾರು 40 ಕಿಲೋಮೀಟರು. ಅಷ್ಟಕ್ಕೇ ಬಡಗಣ ಶೋಲಾ ಕಾಡಿನ ನೀಲಿ ರಾಬಿನ್ ಒಂದು ಜಾತಿಯಾಗಿದೆ, ತೆಂಕಣದ್ದು ಇನ್ನೊಂದು. ಬಡಗಣದ್ದು ನಮ್ಮ ಬಾಬಾಬುಡನ್‌ಗಿರಿಯಲ್ಲಿಯೂ ಉಂಟು. ಇವೆರಡಕ್ಕೂ ವಿಜ್ಞಾನಿಗಳು 2017ರಲ್ಲಿ ಇತ್ತ ಕುಲನಾಮ ‘ಶೋಲಿಕೋಲಾ’, ಎಂದರೆ ಶೋಲೆಯಲ್ಲಿ ವಾಸಿಸುವುದು. ತಮಿಳು ಮಾತಿಗೆ ಲ್ಯಾಟಿನ್ ಬಾಲ! ನಮ್ಮ ವ್ಯಾಕರಣದ ಲೆಕ್ಕದಲ್ಲಿ ಅರಿಸಮಾಸ, ಆದರೂ ಸೊಗಸಾಗಿದೆ.

ರಾಬಿನ್ನಿಗೆ ಕೊಳ್ಳದ ಕಾಡಿನ ನೆರಳು ಬೇಕು. ನೀಲಗಿರಿ ಪಿಪಿಟ್ ಎಂಬ ಕಂದು ಹಕ್ಕಿಗೆ ಮರದ ಹಂಗಿಲ್ಲ. ಎತ್ತರದ ಹುಲ್ಲುಬಯಲು, ಜೌಗಿನ ಅಂಚು, ಹುಲ್ಲಿನ ಬುಡದಲ್ಲೊಂದು ಗೂಡು: ಅದರ ಸಂಸಾರಕ್ಕೆ ಇಷ್ಟು ಸಾಕು. ಆ ಹುಲ್ಲನ್ನು ಪಾಳುನೆಲವೆಂದು ಬಗೆದು ಆಂಗ್ಲರು ಆಸ್ಟ್ರೇಲಿಯಾದ ಮರಗಳನ್ನು ತಂದು ನೆಟ್ಟರು. ಅವರು ಹೋದ ಮೇಲೆ ನಾವೂ ನೆಟ್ಟೆವು. ಪಳನಿಯಲ್ಲಿ 1973ರಿಂದ 2014ರೊಳಗೆ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ನೆಡುತೋಪು, ಬೇಸಾಯಗಳ ಪಾಲಾಯಿತು. ಬೆಟ್ಟದ ಹುಲ್ಲನ್ನು ನುಂಗಿದ ಮರವೊಂದಕ್ಕೆ ಕನ್ನಡಿಗರು ಬೆಟ್ಟದ ಹೆಸರನ್ನೇ ಇಟ್ಟು ‘ನೀಲಗಿರಿ’ ಎನ್ನುತ್ತಿರುವುದು ವಿಚಿತ್ರ.

ಸೆಕೆ ಏರಿದರೆ ತಪ್ಪಲಿನ ಹಕ್ಕಿ ಮೇಲಕ್ಕೆ ಸರಿಯಬಹುದು. ನೆತ್ತಿಯ ಹಕ್ಕಿಗೆ ಮೇಲೆಂಬುದಿಲ್ಲ. ಇರುವ ಹುಲ್ಲು, ಇರುವ ಶೋಲೆಗಳಲ್ಲೇ ಅದು ಬಾಳಬೇಕು. ವನಮಹೋತ್ಸವಕ್ಕೆಂದು ಗಿರಿಯ ಹುಲ್ಲುಬಯಲಿಗೆ ಸಸಿ ಹೊತ್ತೊಯ್ಯಲು ಹೊರಟ ನನ್ನ ವಿದ್ಯಾರ್ಥಿಗಳಿಗೆ ಈ ವರ್ಷ ಕಾಲೇಜಿನ ಬೇಲಿಯ ಬದಿಯನ್ನು ತೋರಿಸಿದ್ದೇನೆ.