ಮನೆಯೊಳಗಿನ ಪುಟಕ್ಕೇಕೆ ಇಷ್ಟು ಆಲಸ್ಯ?

ಅತಿಥಿಯಾಗಿ ಹೋದವನಿಗೆ ಊಟಕ್ಕಿಂತ ಮೊದಲು ಕೆಲಸ ದೊರೆಯುವುದು ಈ ಕಾಲದ ವಾಡಿಕೆ. ಕಳೆದ ಮಳೆಗಾಲದ ಒಂದು ಭಾನುವಾರ ಗೋಕಾಕದ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಘಟಪ್ರಭೆ ತುಂಬಿ ಹರಿಯುತ್ತಿದ್ದಳು. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಆ ಜಲರಾಶಿಯನ್ನು ಕಣ್ತುಂಬ ನೋಡಿ, ಕರದಂಟಿನ ಪೊಟ್ಟಣವೊಂದನ್ನು ಕಟ್ಟಿಸಿಕೊಂಡು ಮರಳಬೇಕೆಂಬುದಷ್ಟೇ ನನ್ನ ಸಂಕಲ್ಪ. ಆದರೆ ಹೊಸ್ತಿಲು ದಾಟುತ್ತಲೇ ಮನೆಯಲ್ಲಿ ಏನೋ ಎಡವಟ್ಟಾಗಿದೆಯೆಂದು ತಿಳಿಯಿತು. ಮಿತ್ರರ ಕೈಯಲ್ಲಿ ಒಂದು ಗುಂಡುಸೂಜಿ. ಮಗನ ಮುಖದಲ್ಲಿ ಅಪರಾಧಿಯ ಕಳೆ. ಮಗಳ ಕಣ್ಣಂಚಿನಲ್ಲಿ ನೀರು.

ಮರುದಿನ ಬೆಳಗಿನ ಹತ್ತು ಗಂಟೆಗೆ ಆಕೆಗೆ ಉದ್ಯೋಗದ ಸಂದರ್ಶನವಿತ್ತು. ಪ್ರಶ್ನೆ ಕೇಳುವವರು ಬೆಂಗಳೂರಿನಲ್ಲಿ, ಉತ್ತರಿಸುವವಳು ಗೋಕಾಕದಲ್ಲಿ. ನಡುವೆ ಗಣಕದ ಪರದೆ. ಅಂತರಜಾಲದ ಸಂಸ್ಥೆಯವರು ಕೊಟ್ಟಿದ್ದ ಪೆಟ್ಟಿಗೆಯ ವೈ-ಫೈ ಆಕೆಯ ಕೋಣೆಯವರೆಗೆ ತಲುಪುತ್ತಿರಲಿಲ್ಲವಾದ್ದರಿಂದ ಹೊಸದೊಂದು ರೌಟರನ್ನು ತಂದಿದ್ದರು. ತಂತಿ ಜೋಡಿಸಿದ್ದಾಯಿತು, ದೀಪಗಳು ಉರಿದದ್ದಾಯಿತು. ಆದರೆ ಅದರ ಸಂಯೋಜನೆಯ ಪುಟವನ್ನು ತೆರೆಯಲು 192.168.1.1 ಎಂದು ಬರೆದರೆ, ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇತ್ತು. ಹತ್ತು ನಿಮಿಷ ಕಾದರೆ ಅರ್ಧ ಪುಟ; ಗುಂಡಿ ಒತ್ತಿದರೆ ಮತ್ತೆ ಅದೇ ಚಕ್ರ.

“ನೂರು ಎಂಬಿಪಿಎಸ್ ಕೊಡ್ತೇವಿ ಅಂದಾರ, ಒಂದು ಪುಟ ತೆರಿಯಾಕ ಬಿಡವಲ್ಲರು! ಎರಡೂ ಪೆಟ್ಟಿಗೀಗೆ ರೀಸೆಟ್ ಒತ್ತಿಬಿಡತೇನಿ, ಎಲ್ಲಾ ಹೊಸದಾಗಿ ಸುರು ಆಗ್ಲಿ,” ಎಂದರು ಮಿತ್ರರು.

ಸೂಜಿಯನ್ನು ಅವರ ಕೈಯಿಂದ ಮೆಲ್ಲನೆ ತೆಗೆದುಕೊಂಡೆ.

ಪುಟದ ತವರು ಎಲ್ಲಿ?

ವಾಚಕರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ರೌಟರಿನ ಸಂಯೋಜನೆಯ ಪುಟವು ದೂರದ ಯಾವುದೋ ಊರಿನಿಂದ ಹರಿದು ಬರುವುದಲ್ಲ. ಅದು ಆ ಪೆಟ್ಟಿಗೆಯೊಳಗೇ ವಾಸಿಸುತ್ತದೆ. 192.168 ಎಂದು ಆರಂಭವಾಗುವ 65,536 ವಿಳಾಸಗಳನ್ನು ಮನೆ ಮತ್ತು ಕಚೇರಿಗಳ ಖಾಸಗಿ ಬಳಕೆಗೆಂದೇ ಮೀಸಲಿಟ್ಟ ಜಾಗತಿಕ ನಿಯಮವು 1996ರಲ್ಲಿ ಪ್ರಕಟವಾಯಿತು. ಹೊರಜಗತ್ತಿನಲ್ಲಿ ಈ ವಿಳಾಸಗಳಿಗೆ ದಾರಿಯೇ ಇಲ್ಲ. ಆದುದರಿಂದ ಹೊರಗಿನ ತಂತಿ ಕಡಿದು ಬಿದ್ದಿದ್ದರೂ ಈ ಪುಟ ತೆರೆಯಬೇಕು. ಘಟಪ್ರಭೆ ಬೇಸಿಗೆಯಲ್ಲಿ ಸೊರಗಿದಳೆಂದು ಅಡಿಗೆಮನೆಯ ಕೊಡದೊಳಗಿನ ನೀರು ಇಂಗುವುದುಂಟೆ? ಪುಟ ನಿಧಾನವಾದರೆ ದೋಷವು ಮನೆಯೊಳಗೇ ಇದೆಯೆಂದು ತಿಳಿದು ಹುಡುಕಬೇಕು. ನೂರು ಎಂಬಿಪಿಎಸ್ಸನ್ನು ಶಪಿಸಿ ಫಲವಿಲ್ಲ.

ಒಂದೇ ಹೆಸರಿನ ಇಬ್ಬರು

ಗೋಕಾಕದ ಆ ಮನೆಯಲ್ಲಿ ದೋಷ ಕಂಡದ್ದು ಪೆಟ್ಟಿಗೆಯ ಹಿಂಬದಿಯಲ್ಲಿ. ಅಲ್ಲಿ ಒಂದೇ ಬಣ್ಣದ ನಾಲ್ಕು ರಂಧ್ರಗಳೂ ಬೇರೆ ಬಣ್ಣದ ಒಂದು ರಂಧ್ರವೂ ಇದ್ದವು. ನಾಲ್ಕು ಮನೆಯ ಯಂತ್ರಗಳಿಗೆ. ಉಳಿದೊಂದು ಹೊರಗಿನಿಂದ ಬರುವ ತಂತಿಗೆ. ಹುಡುಗನು ಹಳೆಯ ಪೆಟ್ಟಿಗೆಯಿಂದ ಬಂದ ತಂತಿಯನ್ನು ನಾಲ್ಕರಲ್ಲೊಂದಕ್ಕೆ ಸಿಕ್ಕಿಸಿದ್ದನು. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1! ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವನ ಪಾಡೇನಾದೀತು? ಗಣಕವು ಕರೆದಾಗ ಒಮ್ಮೆ ಇದು ಓಗೊಡುತ್ತಿತ್ತು, ಒಮ್ಮೆ ಅದು. ಒಂದರೊಡನೆ ಆರಂಭವಾದ ಸಂಭಾಷಣೆ ಮತ್ತೊಂದರ ಬಾಗಿಲಿನಲ್ಲಿ ತುಂಡಾಗುತ್ತಿತ್ತು.

ನಡುವಣ ತಂತಿಯನ್ನು ಕಿತ್ತೆವು. ಗಣಕವನ್ನು ಹೊಸ ರೌಟರಿಗೆ ತಂತಿಯಿಂದಲೇ ಜೋಡಿಸಿದೆವು. ಪುಟವು ರೆಪ್ಪೆ ಮಿಟುಕಿಸುವಷ್ಟರಲ್ಲಿ ತೆರೆಯಿತು. ಅದರ ವಿಳಾಸವನ್ನು 192.168.2.1 ಎಂದು ಬದಲಿಸಿ, ಪೆಟ್ಟಿಗೆ ಪುನಃ ಎಚ್ಚರಗೊಳ್ಳುವವರೆಗೆ ಕಾದು, ಹಳೆಯ ಪೆಟ್ಟಿಗೆಯ ತಂತಿಯನ್ನು ಬೇರೆ ಬಣ್ಣದ ರಂಧ್ರಕ್ಕೆ ಸೇರಿಸಿದೆವು. ಇಪ್ಪತ್ತು ನಿಮಿಷಗಳ ಕೆಲಸ.

ಆ ಗುಂಡುಸೂಜಿ ಹಳೆಯ ಪೆಟ್ಟಿಗೆಯೊಳಗೆ ಹೊಕ್ಕಿದ್ದರೆ? ಸಂಸ್ಥೆಯವರು ಅದರಲ್ಲಿ ಬರೆದಿಟ್ಟಿದ್ದ ಬಳಕೆದಾರರ ಹೆಸರೂ ಗುಪ್ತಪದವೂ ಅಳಿಸಿಹೋಗುತ್ತಿದ್ದವು. ಭಾನುವಾರ ಸಂಜೆ ಅವುಗಳನ್ನು ಮತ್ತೆ ಕೊಡುವವರಾರು? ಹುಡುಗಿಯ ಸಂದರ್ಶನ ಅಲ್ಲಿಗೇ ಮುಗಿಯುತ್ತಿತ್ತು.

ಮೂಡಲಗಿಯ ದೂರವಾಣಿ, ಹುಕ್ಕೇರಿಯ ಗೋಡೆ

ಈ ವೃತ್ತಾಂತವನ್ನು ಕೇಳಿದ ಮೇಲೆ ಮೂಡಲಗಿಯ ಬಂಧುವೊಬ್ಬರು ತಮ್ಮ ಗೋಳನ್ನೂ ತೋಡಿಕೊಂಡರು. ಅವರಲ್ಲಿ ಪೆಟ್ಟಿಗೆ ಒಂದೇ. ಆದರೂ ಪುಟ ತೆರೆಯದು. ಅವರು ಕೈದೂರವಾಣಿಯಿಂದ ಪ್ರಯತ್ನಿಸುತ್ತಿದ್ದರು. ಹೊಸ ರೌಟರಿಗೆ ಇನ್ನೂ ಅಂತರಜಾಲ ಬಂದಿರಲಿಲ್ಲ. ಇಂತಹ ವೈ-ಫೈ ನಿರುಪಯೋಗಿಯೆಂದು ಬಗೆದು, ದೂರವಾಣಿಯು ಯಜಮಾನರಿಗೆ ಹೇಳದೆಯೇ ಮೊಬೈಲ್ ಡೇಟಾದ ದಾರಿ ಹಿಡಿದಿತ್ತು. ಆ ದಾರಿಯಲ್ಲಿ ಮನೆಯ ಖಾಸಗಿ ವಿಳಾಸ ಎಷ್ಟು ಹುಡುಕಿದರೂ ಸಿಕ್ಕದು. ಮೊಬೈಲ್ ಡೇಟಾವನ್ನು ನಿಲ್ಲಿಸಿ, ಅಂತರಜಾಲವಿಲ್ಲದಿದ್ದರೂ ಇದೇ ವೈ-ಫೈಯಲ್ಲಿ ಇರುವೆನೆಂದು ಒಪ್ಪಿಗೆ ಕೊಟ್ಟೊಡನೆ ಪುಟ ಬಂದಿತು.

ಹುಕ್ಕೇರಿಯ ಇನ್ನೊಂದು ಮನೆಯದು ಬೇರೆಯೇ ಕಥೆ. ಹಿರಿಯರು ಕಟ್ಟಿಸಿದ ಕಲ್ಲಿನ ಗೋಡೆಗಳು, ಮೊಳಕ್ಕಿಂತ ಹೆಚ್ಚು ದಪ್ಪ. ರೌಟರು ಪಡಸಾಲೆಯಲ್ಲಿ; ಗಣಕವು ಎರಡು ಗೋಡೆಗಳಾಚೆ. ಅಲೆಗಳು ಕಲ್ಲಿನಲ್ಲಿ ಕುಗ್ಗಿ, ಕಳೆದುಹೋದ ಮಾಹಿತಿಯ ತುಣುಕುಗಳನ್ನು ಮತ್ತೆ ಮತ್ತೆ ಕಳುಹಿಸಬೇಕಾಗಿ, ಪುಟವು ಕುಂಟುತ್ತಿತ್ತು. 2.4 ಗಿಗಾಹರ್ಟ್ಸಿನ ಅಲೆ ದೂರ ಹೋಗುತ್ತದೆ, ಆದರೆ ನೆರೆಹೊರೆಯ ಪೆಟ್ಟಿಗೆಗಳೂ ಮೈಕ್ರೋವೇವ್ ಒಲೆಯೂ ಅದೇ ಹಾದಿಯಲ್ಲಿ ಗದ್ದಲವೆಬ್ಬಿಸುತ್ತವೆ. 5 ಗಿಗಾಹರ್ಟ್ಸಿನದು ಚುರುಕು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಗಣಕವನ್ನು ಪಡಸಾಲೆಗೆ ತಂದದ್ದೇ ಪರಿಹಾರವಾಯಿತು.

ಅನುಸರಿಸತಕ್ಕ ಕ್ರಮ

ಆದುದರಿಂದ ಗೃಹಸ್ಥರು ಈ ಕ್ರಮವನ್ನು ಪಾಲಿಸುವುದು ಲೇಸು. ರೌಟರಿಗೆ ವಿದ್ಯುತ್ತು ಕೊಟ್ಟ ಮೇಲೆ ಎರಡು ಮೂರು ನಿಮಿಷ ಸುಮ್ಮನಿರಿ. ಅದರೊಳಗಿನ ಪುಟ್ಟ ಗಣಕಕ್ಕೂ ಎಚ್ಚರವಾಗಲು ಸಮಯ ಬೇಕು. ಸಾಧ್ಯವಾದರೆ ಮೊದಲ ಸಂಯೋಜನೆಯನ್ನು ತಂತಿಯಿಂದಲೇ ಮಾಡಿ. ತಂತಿಯಲ್ಲಿ ಪುಟ ಚುರುಕಾಗಿದ್ದು ವೈ-ಫೈಯಲ್ಲಿ ನಿಧಾನವಾದರೆ ದೋಷ ಅಲೆಗಳದು. ಎರಡರಲ್ಲೂ ನಿಧಾನವಾದರೆ ವಿಳಾಸದ್ದೋ ಪೆಟ್ಟಿಗೆಯದೋ ಆಗಿರಬೇಕು. ವಿ.ಪಿ.ಎನ್. ಇದ್ದರೆ ನಿಲ್ಲಿಸಿ. ಹಳೆಯ ಪುಟದ ನೆನಪನ್ನು ಹಿಡಿದಿಟ್ಟುಕೊಂಡ ಬ್ರೌಸರಿಗೆ ಬದಲಾಗಿ ಅದರದೇ ಖಾಸಗಿ ಕಿಟಕಿಯೊಂದನ್ನು ತೆರೆದು ನೋಡಿ. ಕೆಲವು ರೌಟರುಗಳು ಹೊಸ ತಂತ್ರಾಂಶಕ್ಕಾಗಿ ತಯಾರಕರನ್ನು ಕೇಳಲು ಹೊರಟು, ಅಂತರಜಾಲವಿಲ್ಲದೆ ಅಲ್ಲಿಯೇ ಕಾಯುತ್ತ ನಿಲ್ಲುವುದುಂಟು. ಆಗ ಸ್ವಲ್ಪ ತಾಳ್ಮೆಯೇ ಮದ್ದು. ಪುಟ ತೆರೆದೊಡನೆ ಅದರ ಮೂಲ ಗುಪ್ತಪದವನ್ನು ಬದಲಿಸಲು ಮರೆಯಬೇಡಿ. ಸೂಜಿಯ ಚಿಕಿತ್ಸೆ ಕಟ್ಟಕಡೆಗೆ. ಅದೂ ಸಂಸ್ಥೆಯವರ ವಿವರಗಳನ್ನು ಕಾಗದದ ಮೇಲೆ ಬರೆದುಕೊಂಡ ಬಳಿಕ.

ಹೊಸ ಯಂತ್ರಗಳಿಗೆ ಈ ಸೀಮೆ ಅಂಜಿದ್ದಿಲ್ಲ. 1887ರಲ್ಲಿಯೇ ಜಲಪಾತದ ಬಲವನ್ನು ನೂಲಿನ ಗಿರಣಿಗೆ ಹೂಡಿದ್ದು ಗೋಕಾಕ; 1969ರಲ್ಲಿ ಸಹಕಾರ ಸಂಘವನ್ನು ಕಟ್ಟಿ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚಲು ಹೊರಟದ್ದು ಹುಕ್ಕೇರಿ. ಅಂಗೈಯಗಲದ ಪೆಟ್ಟಿಗೆಯೊಂದಕ್ಕೆ ಇಲ್ಲಿಯವರು ಸೋಲಬೇಕೇಕೆ?

ಸೋಮವಾರ ಹನ್ನೊಂದು ಗಂಟೆಗೆ ಮಿತ್ರರ ಕರೆ ಬಂದಿತು. ಸಂದರ್ಶನವು ಒಮ್ಮೆಯೂ ತಡೆಯದೆ ಮುಗಿದಿತ್ತು. ಫಲಿತಾಂಶಕ್ಕೆ ಇನ್ನೂ ಕೆಲವು ದಿನಗಳು ಬೇಕಂತೆ. “ಕೆಲಸ ಸಿಗಲಿ ಬಿಡಲಿ, ಕೇಳಿದ್ದಕ್ಕೆಲ್ಲಾ ಉತ್ತರಾ ಕೊಟ್ಟಾಳ್ರೀ,” ಎಂದರು. ಆ ಸೂಜಿಯನ್ನು ನಾನು ಹಿಂದಿರುಗಿಸಲು ಮರೆತಿದ್ದೆ. ಅವರೂ ಕೇಳಲಿಲ್ಲ.