ಕಾಲು ನೋಡಿ ಮನೆತನ ಹೇಳುವ ಕುರ್ಚಿಗಳು

ಹಳೆಯ ಅಮೆರಿಕನ್ ಕುರ್ಚಿಯನ್ನು ಪರೀಕ್ಷಿಸಲು ಬಂದವರು ಅದರ ಮೇಲೆ ಕೂರುವುದಿಲ್ಲ. ಮೊದಲು ಆಸನದ ಮೆತ್ತೆಯನ್ನು ಚೌಕಟ್ಟಿನ ಸಮೇತ ಎತ್ತಿ ಪಕ್ಕಕ್ಕಿಡುತ್ತಾರೆ. ಅದಕ್ಕೆ ಮೊಳೆ ಹೊಡೆದಿರುವುದಿಲ್ಲ, ಕುರ್ಚಿಯ ಪಟ್ಟಿಗಳ ತೋಡಿನೊಳಗೆ ಸುಮ್ಮನೆ ಕೂರಿಸಿರುತ್ತಾರೆ. ಅದನ್ನು ತೆಗೆದರೆ ಮುಂದಿನ ಅಡ್ಡಪಟ್ಟಿಯ ಮೇಲೆ ಉಳಿಯಿಂದ ಕೊಚ್ಚಿದ ಗೀರುಗಳು ಕಾಣುತ್ತವೆ. ಒಂದು ಗೀರು, ಎರಡು ಗೀರು, ಇಲ್ಲವೇ ರೋಮನ್ ಅಂಕಿಯ ಐದು, ಒಂಬತ್ತು. ಅದೇ ಗುರುತು ಮೆತ್ತೆಯ ಚೌಕಟ್ಟಿನ ಮೇಲೂ ಇರಬೇಕು. ಕೈಯಲ್ಲಿ ಮಾಡಿದ ಹನ್ನೆರಡು ಕುರ್ಚಿಗಳಲ್ಲಿ ಯಾವ ಎರಡೂ ಒಂದೇ ಅಳತೆಗೆ ಬರುವುದಿಲ್ಲ. ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹಾಗಾಗಿ ನಾಲ್ಕನೆಯದರ ಮೆತ್ತೆ ನಾಲ್ಕನೆಯದಕ್ಕೇ ಸರಿಯಾಗಿ ಕೂರುವುದು. ಎಷ್ಟೋ ಸಲ ಕುರ್ಚಿಯಲ್ಲಿ ಎಂಟು, ಮೆತ್ತೆಯಲ್ಲಿ ಮೂರು ಎಂದಿರುತ್ತದೆ. ಯಾವುದೋ ಕಾಲದಲ್ಲಿ ಧೂಳು ಕೊಡವಿದವರು ಗುರುತು ನೋಡದೆ ವಾಪಸ್ ಇಟ್ಟಿರಬೇಕು, ಇಲ್ಲವೇ ಅಣ್ಣತಮ್ಮಂದಿರು ಪಾಲಾಗುವಾಗ ಆರಾರು ಹಂಚಿಕೊಂಡಿರಬೇಕು.

18ನೇ ಶತಮಾನದ ಅಮೆರಿಕದಲ್ಲಿ, ಅದು ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಫಿಲಡೆಲ್ಫಿಯಾ, ಬಾಸ್ಟನ್, ನ್ಯೂಪೋರ್ಟ್, ನ್ಯೂಯಾರ್ಕ್‌ಗಳ ಬಡಗಿಗಳು ಮಾಡಿದ ಮಹಾಗನಿ ಕುರ್ಚಿಗಳ ಮಾತು ಇದು. ಇಂದು ಅವು ವಸ್ತುಸಂಗ್ರಹಾಲಯಗಳಲ್ಲಿ ಹಗ್ಗದ ಆಚೆ ಕೂತಿವೆ. ಅಪರೂಪದವು ಹರಾಜಿಗೆ ಬಂದರೆ ಬೆಂಗಳೂರಿನಲ್ಲಿ ಒಂದು ದೊಡ್ಡ ಬಂಗಲೆ ಕೊಳ್ಳುವಷ್ಟು ಹಣಕ್ಕೆ ಹೋಗುತ್ತವೆ. ಕುರ್ಚಿಗೆ ಅಷ್ಟು ಬೆಲೆ ಬರುವುದು ಮರದಿಂದ ಸ್ವಲ್ಪ, ಕೆತ್ತನೆಯಿಂದ ಇನ್ನಷ್ಟು. ಉಳಿದದ್ದೆಲ್ಲ ಜಾತಕದಿಂದ. ಯಾರ ಮನೆಯಲ್ಲಿತ್ತು, ಯಾರ ಮಗಳಿಗೆ ಹೋಯಿತು, ರಸೀದಿ ಇದೆಯೇ ಎಂಬ ಜಾತಕ.

ಜಾತಕ ಇಲ್ಲದಾಗ ಊರು ಹೇಳುವುದು ಕಾಲು. ಆ ಕಾಲದ ಕುರ್ಚಿಗಳ ಮುಂಗಾಲು ಮೊಣಕಾಲಿನಂತೆ ಮೇಲೆ ಉಬ್ಬಿ, ಕೆಳಗೆ ಒಳಸರಿದು, ಕೊನೆಗೆ ಗುಂಡೊಂದನ್ನು ಬಿಗಿಹಿಡಿದ ಹಕ್ಕಿಯ ಪಾದವಾಗಿ ಮುಗಿಯುತ್ತದೆ. ಗುಂಡು ಚೌಕವಾಗಿ ಮೊಂಡಾಗಿದ್ದರೆ ಸಾಮಾನ್ಯವಾಗಿ ನ್ಯೂಯಾರ್ಕ್. ಪಕ್ಕದ ಉಗುರುಗಳು ಹಿಂದಕ್ಕೆ ಬಾಗಿದ್ದರೆ ಬಾಸ್ಟನ್ ಕಡೆಯದು. ನ್ಯೂಪೋರ್ಟ್‌ನ ಒಳ್ಳೆಯ ಕೆಲಸದಲ್ಲಿ ಉಗುರಿಗೂ ಗುಂಡಿಗೂ ನಡುವೆ ಬೆಳಕು ತೂರುವಷ್ಟು ಸಂದಿ ಬಿಟ್ಟು ಕೊರೆದಿರುತ್ತಾರೆ. ಅಲ್ಲಿನ ಟೌನ್‌ಸೆಂಡ್ ಮತ್ತು ಗೊಡಾರ್ಡ್ ಎಂಬ ಕ್ವೇಕರ್ ಪಂಥದ ಎರಡು ಮನೆತನಗಳು ಬೀಗತನ ಬೆಳೆಸಿಕೊಂಡು ತಲೆಮಾರುಗಳ ಕಾಲ ಇದೇ ಕಸುಬು ಮಾಡಿದವು. ಫಿಲಡೆಲ್ಫಿಯಾದ ಗುಂಡು ಮೇಲೆ ಕೆಳಗೆ ಸ್ವಲ್ಪ ಅಮುಕಿದಂತಿರುತ್ತದೆ. ಅಲ್ಲಿಯ ಕುರ್ಚಿಗೆ ಇನ್ನೊಂದು ಗುರುತುಂಟು. ಪಕ್ಕದ ಪಟ್ಟಿಯ ತುದಿಯನ್ನು ನಾಲಿಗೆಯಂತೆ ಸವರಿ ಹಿಂಗಾಲಿನ ತೂತಿಗೆ ಹೊಗಿಸಿ, ಆಚೆಗೆ ಹೊರಡಿಸಿರುತ್ತಾರೆ. ಕುರ್ಚಿಯ ಹಿಂದೆ ಹೋಗಿ ನಿಂತರೆ ಕಾಲಿನ ಮೇಲೆ ಆ ನಾಲಿಗೆಯ ಕೊನೆ ಪುಟ್ಟ ಆಯತವಾಗಿ ಕಾಣುತ್ತದೆ. ಮುಂದೆ ಅಷ್ಟು ಅಲಂಕಾರ ಮಾಡಿದ ಬಡಗಿ ಹಿಂದೆ ತನ್ನ ಜೋಡಣೆಯನ್ನು ಮುಚ್ಚಿಡುವ ಗೋಜಿಗೇ ಹೋಗಿಲ್ಲ. ಕುರ್ಚಿಗಳು ಗೋಡೆಗೆ ಒತ್ತಿ ನಿಲ್ಲುತ್ತಿದ್ದ ಕಾಲ ಅದು, ಹಿಂದೆ ನೋಡುವವರಾದರೂ ಯಾರು?

ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಫಿಲಡೆಲ್ಫಿಯಾದ ಕ್ಯಾಡ್ವಾಲಡರ್ ಮನೆತನದ್ದು. ತಂದೆ ಥಾಮಸ್ ಕ್ಯಾಡ್ವಾಲಡರ್ ವೈದ್ಯ. ವೆಸ್ಟ್ ಇಂಡೀಸ್‌ನ ಹೊಟ್ಟೆನುಲಿತದ ಕಾಯಿಲೆ ಬಗ್ಗೆ ಅವರು ಬರೆದ ಪುಸ್ತಿಕೆಯನ್ನು 1745ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಮುದ್ರಣಾಲಯದಲ್ಲಿ ಅಚ್ಚು ಹಾಕಿದ್ದರು. ಮಗ ಜಾನ್ ವ್ಯಾಪಾರಿ. 1768ರಲ್ಲಿ ಮೇರಿಲ್ಯಾಂಡಿನ ಲಾಯ್ಡ್ ಮನೆತನದ ಎಲಿಜಬೆತ್‌ಳನ್ನು ಮದುವೆಯಾದ. ಲಾಯ್ಡರು ಆ ಸೀಮೆಗೇ ದೊಡ್ಡ ಜಮೀನ್ದಾರರು. ಮರುವರ್ಷ ದಂಪತಿ ಸೆಕೆಂಡ್ ಸ್ಟ್ರೀಟಿನಲ್ಲಿ ಒಂದು ಮನೆ ಕೊಂಡರು. ಅದನ್ನು ಸಿಂಗರಿಸಲು ಖರ್ಚು ಮಾಡಿದ ರೀತಿ ನೋಡಿದರೆ, ಊರಿನ ಉಳಿದ ಶ್ರೀಮಂತರ ಬಾಯಿ ಮುಚ್ಚಿಸುವುದೇ ಉದ್ದೇಶವಾಗಿತ್ತೇನೋ ಅನ್ನಿಸುತ್ತದೆ.

ಆಗ ಫಿಲಡೆಲ್ಫಿಯಾದ ವ್ಯಾಪಾರಿಗಳು ಬ್ರಿಟಿಷ್ ತೆರಿಗೆಗಳನ್ನು ಪ್ರತಿಭಟಿಸಿ ಇಂಗ್ಲೆಂಡಿನ ಸಾಮಾನು ತರಿಸುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದರು. ನಮ್ಮ ಸ್ವದೇಶಿ ಚಳವಳಿಗೆ ಒಂದೂ ಕಾಲು ಶತಮಾನಕ್ಕೂ ಮೊದಲಿನ ಸ್ವದೇಶಿ ಅದು. ಲಾಭವಾದದ್ದು ಊರಿನ ಬಡಗಿಗಳಿಗೆ. ಮನೆಯ ಮುಖ್ಯ ಕೆಲಸ ಥಾಮಸ್ ಆಫ್ಲೆಕ್‌ಗೆ ಸಿಕ್ಕಿತು. ಆತ ಸ್ಕಾಟ್ಲೆಂಡಿನವ, 1763ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದವ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಹೊರತಂದ ವಿನ್ಯಾಸಗಳ ಪುಸ್ತಕ ಅವನ ಬಳಿ ಇತ್ತು. ಸಾಮಾನು ತರಿಸದಿದ್ದರೇನಂತೆ, ಫ್ಯಾಷನ್ ಲಂಡನ್ನಿನದೇ. ಕ್ಯಾಡ್ವಾಲಡರ್ ಮನೆಯ ಕುರ್ಚಿಗಳಿಗೆ ಊರಿನ ರೂಢಿಯ ಹಕ್ಕಿಯ ಉಗುರು ಬೇಡವೆಂದು ಸಿಂಹದ ಪಂಜದಂತೆ ರೋಮ ತುಂಬಿದ ಪಾದ ಮಾಡಿಸಿದರು. ಕೆತ್ತನೆಗೆ ಬೇರೆಯೇ ಕುಶಲಕರ್ಮಿಗಳು: ಜೇಮ್ಸ್ ರೆನಾಲ್ಡ್ಸ್ ಒಬ್ಬ, ಬರ್ನಾರ್ಡ್ ಮತ್ತು ಜೂಜಿಯೆ ಎಂಬ ಜೋಡಿ ಇನ್ನೊಂದು ಕಡೆ. ಒಬ್ಬೊಬ್ಬರ ಉಳಿಯ ಓಟಕ್ಕೂ ಒಂದೊಂದು ಛಾಯೆ ಇರುತ್ತದೆ. ಎಲೆಯ ನರ ಎಳೆದ ರೀತಿ, ರೋಮದ ಗೊಂಚಲು ತಿರುಗಿದ ರೀತಿ ನೋಡಿ ಇದು ಇಂಥವರ ಕೈ ಎಂದು ಹೇಳುವ ತಜ್ಞರಿದ್ದಾರೆ. ಕೈಬರಹ ಗುರುತಿಸಿದ ಹಾಗೆ.

ಆಫ್ಲೆಕ್ ಕೊಟ್ಟ ಬಿಲ್ಲು ಇಂದಿಗೂ ಉಳಿದಿದೆ. ಸೋಫಾಗಳು, ಇಸ್ಪೀಟು ಮೇಜುಗಳ ನಡುವೆ ಒಂದು ಸಾಲು, ಸೋಫಾಗಳಿಗೆ ಹೊಂದುವ ಒಂದು ಆರಾಮ ಕುರ್ಚಿ, 4 ಪೌಂಡ್ 10 ಶಿಲ್ಲಿಂಗ್. ಆರಾಮ ಕುರ್ಚಿ ಎಂದರೆ ಎರಡೂ ಬದಿಗೆ ರೆಕ್ಕೆಯಂಥ ಮರೆ ಇರುವ, ಮೈತುಂಬ ಮೆತ್ತೆಯ ದೊಡ್ಡ ಕುರ್ಚಿ. ಅದು ಹೆಚ್ಚಾಗಿ ಮಲಗುವ ಕೋಣೆಯ ವಸ್ತು, ಮುದುಕರಿಗೆ, ಕಾಯಿಲೆಯವರಿಗೆ ಮಾಡಿಸುತ್ತಿದ್ದದ್ದು. ಎಷ್ಟೋ ಆರಾಮ ಕುರ್ಚಿಗಳ ಆಸನದ ಕೆಳಗೆ ಶೌಚದ ಪಾತ್ರೆ ಇಡುವ ವ್ಯವಸ್ಥೆಯೂ ಇರುತ್ತಿತ್ತು, ಹರಾಜಿನ ಕೆಟಲಾಗುಗಳು ಈ ವಿಷಯವನ್ನು ತುಸು ಮೆಲ್ಲಗೆ ಹೇಳುತ್ತವೆ.

ಮುಂದಿನದು ಮನೆತನಗಳ ಕಥೆ ಸಾಮಾನ್ಯವಾಗಿ ಹೋಗುವ ದಾರಿ. ಸ್ವಾತಂತ್ರ್ಯ ಯುದ್ಧ ಬಂತು. ಜಾನ್ ಕ್ಯಾಡ್ವಾಲಡರ್ ಜನರಲ್ ಆಗಿ ವಾಷಿಂಗ್ಟನ್ ಪರ ನಿಂತ. ಅವನ ಬಡಗಿ ಆಫ್ಲೆಕ್ ಕ್ವೇಕರ್, ಯುದ್ಧ ಒಪ್ಪದ ಪಂಥದವ. 1777ರಲ್ಲಿ ಅವನನ್ನು ಬ್ರಿಟಿಷರ ಪಕ್ಷಪಾತಿ ಎಂಬ ಗುಮಾನಿಯ ಮೇಲೆ ಹಿಡಿದು ಇತರ ಕ್ವೇಕರರೊಂದಿಗೆ ವರ್ಜೀನಿಯಾಕ್ಕೆ ಗಡೀಪಾರು ಮಾಡಿದರು. ಮರುವರ್ಷ ಜುಲೈ 4ರಂದು ಕ್ಯಾಡ್ವಾಲಡರ್, ವಾಷಿಂಗ್ಟನ್ ವಿರುದ್ಧ ಪಿತೂರಿ ಮಾಡಿದನೆಂಬ ಆರೋಪ ಹೊತ್ತಿದ್ದ ಥಾಮಸ್ ಕಾನ್ವೇ ಎಂಬವನ ಜೊತೆ ಪಿಸ್ತೂಲಿನ ದ್ವಂದ್ವಯುದ್ಧ ಮಾಡಿ ಅವನ ಬಾಯಿಗೆ ಗುಂಡು ಹೊಡೆದ. ಕಾನ್ವೇ ಸಾಯಲಿಲ್ಲ. 1787ರಲ್ಲಿ ಅದೇ ಕಾನ್ವೇ ಫ್ರೆಂಚರ ಗವರ್ನರ್ ಆಗಿ ನಮ್ಮ ಪಾಂಡಿಚೇರಿಗೆ ಬಂದ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಫ್ರೆಂಚರ ನೆರವು ಕೋರಿ ಪ್ಯಾರಿಸ್ಸಿಗೆ ರಾಯಭಾರಿಗಳನ್ನು ಕಳಿಸಿದ್ದು ಸರಿಯಾಗಿ ಆಗಲೇ. ಕುರ್ಚಿಯ ಬೆನ್ನು ಹತ್ತಿ ಹೊರಟವರು ಎಲ್ಲೆಲ್ಲಿಗೋ ಹೋಗಿ ತಲುಪುತ್ತಾರೆ, ಇರಲಿ.

ಎಲಿಜಬೆತ್ 1776ರಲ್ಲಿ, ಜಾನ್ 1786ರಲ್ಲಿ ತೀರಿಕೊಂಡರು. ಸೆಕೆಂಡ್ ಸ್ಟ್ರೀಟಿನ ಮನೆ ಇಂದು ಇಲ್ಲ. ಸಾಮಾನು ಮಕ್ಕಳು ಮೊಮ್ಮಕ್ಕಳಿಗೆ ಹಂಚಿಹೋಗಿ, ಮಾರಾಟವಾಗಿ, ಚದುರಿತು. ಆ ಆರಾಮ ಕುರ್ಚಿ ಕೈಯಿಂದ ಕೈಗೆ ಹೋಗಿ ಕೊನೆಗೆ ಫಿಲಡೆಲ್ಫಿಯಾ ಸೀಮೆಯ ಒಂದು ಶಾಲೆಯಲ್ಲಿ ನಿಂತಿತ್ತು, ಹೋಗಿ ಬರುವವರು ಕೂತೆದ್ದು ಹೋಗುವ ಕುರ್ಚಿಯಾಗಿ. ಮೆತ್ತೆಯ ಬಟ್ಟೆ ಎಷ್ಟು ಸಲ ಬದಲಾದರೂ ರೋಮದ ಪಾದ ಮಾತ್ರ ಬದಲಾಗಿರಲಿಲ್ಲ, ಬಲ್ಲವರ ಕಣ್ಣಿಗೆ ಅಷ್ಟು ಸಾಕಾಯಿತು. 1987ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅದು 27.5 ಲಕ್ಷ ಡಾಲರಿಗೆ ಹೋಯಿತು. ಅಮೆರಿಕದ ಪೀಠೋಪಕರಣಕ್ಕೆ ಅಲ್ಲಿಯವರೆಗೆ ಸಿಕ್ಕಿದ್ದ ಅತಿ ಹೆಚ್ಚಿನ ಬೆಲೆ ಅದು. ದಾಖಲೆ ಎರಡೂವರೆ ವರ್ಷವೂ ಪೂರ್ತಿ ನಿಲ್ಲಲಿಲ್ಲ, 1989ರ ಜೂನಿನಲ್ಲಿ, ಪ್ರಾವಿಡೆನ್ಸಿನ ಬ್ರೌನ್ ಮನೆತನದ ಮಹಾಗನಿ ಬರವಣಿಗೆ ಬೀರು 1.21 ಕೋಟಿ ಡಾಲರಿಗೆ ಮಾರಾಟವಾಯಿತು. ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಮನೆತನ ಅದೇ.

ಹೀಗೆ ಹಳೆಯ ಸಾಮಾನಿಗೆ ಹುಚ್ಚು ಹಿಡಿಯುವುದು 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಸ್ವಾತಂತ್ರ್ಯದ ಶತಮಾನೋತ್ಸವದ ಪ್ರದರ್ಶನದ ಆಸುಪಾಸಿನಲ್ಲೇ ಶುರುವಾಗಿತ್ತು. ಅಜ್ಜನ ಕುರ್ಚಿ ಇಲ್ಲದವರು ಅದರಂಥದೇ ಹೊಸದು ಮಾಡಿಸಿಕೊಂಡರು. ಆ ನಕಲುಗಳಿಗೂ ಈಗ ನೂರೈವತ್ತು ವರ್ಷದ ವಯಸ್ಸು, ಅವೇ ತಜ್ಞರನ್ನು ಹೆಚ್ಚು ಕಾಡುವುದು. ಇನ್ನು ಹಳೆಯದನ್ನು ಕೆರೆದು ಹೊಸ ಪಾಲಿಷ್ ಹಾಕಿದರೆ ಬೆಲೆ ಅರ್ಧಕ್ಕರ್ಧ ಇಳಿದರೂ ಆಶ್ಚರ್ಯವಿಲ್ಲ. ಕೈಯ ಜಿಡ್ಡು, ಮೇಣ, ಹೊಗೆ ಸೇರಿ ಮರದ ಮೇಲೆ ಕೂತ ಕಪ್ಪುಗೆಂಪು ಛಾಯೆಯೇ ಅಲ್ಲಿ ಆಸ್ತಿ. ಈ ಕಣ್ಣನ್ನು ಅಮೆರಿಕನ್ನರಿಗೆ ಕಲಿಸಿದವರಲ್ಲಿ ಇಸ್ರೇಲ್ ಸ್ಯಾಕ್ ದೊಡ್ಡವರು. 1903ರಲ್ಲಿ ಲಿಥುವೇನಿಯಾದಿಂದ ಬಾಸ್ಟನ್ನಿಗೆ ವಲಸೆ ಬಂದ ಯಹೂದಿ ಬಡಗಿ. ಹಳೆಯ ಸಾಮಾನು ರಿಪೇರಿ ಮಾಡುತ್ತಲೇ ಅದರ ಮರ್ಮ ಕಲಿತರು. ಅವರ ಮಗ ಆಲ್ಬರ್ಟ್ 1950ರಲ್ಲಿ ಒಂದು ಪುಸ್ತಕ ಮಾಡಿದರು. ಒಂದೇ ಬಗೆಯ ಮೂರು ಸಾಮಾನುಗಳ ಚಿತ್ರ ಪಕ್ಕಪಕ್ಕ ಇಟ್ಟು, ಕೆಳಗೆ ಚೆನ್ನ, ಇನ್ನೂ ಚೆನ್ನ, ಅತಿ ಚೆನ್ನ ಎಂದು ಬರೆದದ್ದು ಅದರ ಕ್ರಮ. ದೊಡ್ಡ ಮನೆತನಗಳ ವಾರಸುದಾರರು ತಮ್ಮ ಅಜ್ಜಿಯ ಕುರ್ಚಿ ಯಾವ ದರ್ಜೆಯದೆಂದು ತಿಳಿಯಲು ವಲಸಿಗನ ಮಗನ ಪುಸ್ತಕ ತೆರೆಯಬೇಕಾಯಿತು.

ಇಷ್ಟೆಲ್ಲ ಜಾತಕ ಬರೆದವರು ಒಂದು ಪುಟ ಬಹಳ ಕಾಲ ಖಾಲಿ ಬಿಟ್ಟಿದ್ದರು. ಮಹಾಗನಿ ಫಿಲಡೆಲ್ಫಿಯಾದಲ್ಲಿ ಬೆಳೆಯುವ ಮರವಲ್ಲ. ಅದು ಜಮೈಕಾ, ಕ್ಯೂಬಾ, ಹೊಂಡುರಾಸ್ ಕೊಲ್ಲಿಯ ಕಾಡಿನದು. 1721ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಮರದ ಮೇಲಿನ ಆಮದು ಸುಂಕ ತೆಗೆದುಹಾಕಿದ ಮೇಲೆ ಅದರ ವ್ಯಾಪಾರ ಏರಿತು. ಅಗಲ ಹಲಗೆ ಸಿಗುತ್ತದೆ, ಸೊಟ್ಟಗಾಗುವುದಿಲ್ಲ, ಹುಳ ಸುಲಭಕ್ಕೆ ಮುಟ್ಟುವುದಿಲ್ಲ, ಉಳಿ ಇಟ್ಟಲ್ಲಿ ಗೆರೆ ಚೂಪಾಗಿ ನಿಲ್ಲುತ್ತದೆ. ಬಡಗಿಗೆ ಇನ್ನೇನು ಬೇಕು? ಜಮೈಕಾದಲ್ಲಿ ಕೈಗೆ ಸಿಗುವ ಮರ ಕೆಲವೇ ದಶಕಗಳಲ್ಲಿ ಬರಿದಾಗಿ ಕೊಡಲಿ ಹೊಂಡುರಾಸ್ ಕೊಲ್ಲಿಯ ಕಡೆಗೆ ತಿರುಗಿತು.

ಕಡಿದವರು ಆಫ್ರಿಕಾದಿಂದ ತಂದ ಗುಲಾಮರು. ಅಲ್ಲಿಯ ಕೆಲಸದ ಬಗ್ಗೆ ಉಳಿದಿರುವ ವಿವರಗಳ ಪ್ರಕಾರ, ಪ್ರತಿ ತಂಡದಲ್ಲೂ ಮರ ಹುಡುಕುವವನೊಬ್ಬ ಇರುತ್ತಿದ್ದ. ಆಗಸ್ಟ್ ಹೊತ್ತಿಗೆ ಮಹಾಗನಿಯ ಎಲೆಗೆ ಬೇರೆ ಬಣ್ಣ ಬರುತ್ತದೆ. ಆತ ಸುತ್ತಲಲ್ಲೇ ಎತ್ತರದ ಮರ ಹತ್ತಿ, ಹಸಿರು ಕಾಡಿನ ಮೇಲೆ ಕಣ್ಣು ಹಾಯಿಸಿ, ಆ ಕೆಂಚು ಬಣ್ಣ ಎಲ್ಲೆಲ್ಲಿದೆ ಎಂದು ಗುರುತಿಟ್ಟುಕೊಂಡು ಇಳಿದು ಬಂದು ದಾರಿ ತೋರಿಸುತ್ತಿದ್ದ. ಬುಡ ಅಗಲವಾಗಿ ಹರಡಿರುವುದರಿಂದ ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಅಟ್ಟಣಿಗೆ ಕಟ್ಟಿ, ಅದರ ಮೇಲೆ ನಿಂತು ಕಡಿಯಬೇಕು. ಬೇಸಗೆಯ ಬಿಸಿಲಿಗೆ ಎತ್ತುಗಳು ತಡೆಯುವುದಿಲ್ಲವೆಂದು ರಾತ್ರಿ ಪಂಜಿನ ಬೆಳಕಿನಲ್ಲಿ ದಿಮ್ಮಿ ಎಳೆಸಿ ನದಿಗೆ ತರುತ್ತಿದ್ದರು. ಮಳೆ ಬಂದು ಹೊಳೆ ತುಂಬಿದಾಗ ಅವು ಸಮುದ್ರದ ಕಡೆ ತೇಲುತ್ತಿದ್ದವು. ಆ ಸೀಮೆ ಇಂದಿನ ಬೆಲೀಜ್ ದೇಶ. ಅದರ ಬಾವುಟದ ನಡುವೆ ಮಹಾಗನಿ ಮರವಿದೆ. ಎರಡು ಬದಿಗೆ ಇಬ್ಬರು ಕೆಲಸಗಾರರು, ಒಬ್ಬನ ಕೈಯಲ್ಲಿ ಕೊಡಲಿ, ಇನ್ನೊಬ್ಬನ ಕೈಯಲ್ಲಿ ಹುಟ್ಟು.

ಅಮೆರಿಕದ ಇತಿಹಾಸಕಾರ್ತಿ ಜೆನಿಫರ್ ಆಂಡರ್ಸನ್ 2012ರಲ್ಲಿ ಮಹಾಗನಿಯ ಮೇಲೆ ಬರೆದ ಪುಸ್ತಕ ಈ ಖಾಲಿ ಪುಟವನ್ನು ಬಹುಮಟ್ಟಿಗೆ ತುಂಬಿತು. ಕ್ಯಾಡ್ವಾಲಡರ್ ಮನೆಗೂ ಈ ಪುಟ ದೂರದ್ದಲ್ಲ. ಆ ವೈಭವಕ್ಕೆ ನೀರೆರೆದದ್ದು ಎಲಿಜಬೆತ್ ತಂದ ಲಾಯ್ಡರ ಐಶ್ವರ್ಯ, ಲಾಯ್ಡರ ಐಶ್ವರ್ಯ ಬೆಳೆದದ್ದು ಗುಲಾಮರು ದುಡಿದ ಹೊಲಗಳಲ್ಲಿ. ಅವಳ ತವರಿನ ವೈ ಎಸ್ಟೇಟಿನಲ್ಲಿ, ಅವಳ ಅಣ್ಣತಮ್ಮಂದಿರ ಮುಂದಿನ ತಲೆಮಾರಿನ ಕಾಲಕ್ಕೆ, ಗುಲಾಮ ಬಾಲಕನೊಬ್ಬ ದೊಡ್ಡಮನೆಯ ವೈಭೋಗವನ್ನು ಹೊರಗಿನಿಂದ ನೋಡುತ್ತ ಬೆಳೆದ. ಮುಂದೆ ತಪ್ಪಿಸಿಕೊಂಡು ಹೋಗಿ ಅದನ್ನೆಲ್ಲ ಆತ್ಮಕಥೆಯಲ್ಲಿ ಬರೆದ. ಅವನೇ ಫ್ರೆಡ್ರಿಕ್ ಡಗ್ಲಸ್. ನನ್ನನ್ನು ಕೇಳಿದರೆ, ಆ ರೋಮದ ಪಾದದ ಕುರ್ಚಿಯ ಜಾತಕದಲ್ಲಿ ಆಫ್ಲೆಕ್‌ನ ಬಿಲ್ಲಿನ ಪಕ್ಕದಲ್ಲೇ ಡಗ್ಲಸ್‌ನ ಪುಸ್ತಕವನ್ನೂ ಇಡಬೇಕು.

ಮಹಾಗನಿ ನಮಗೂ ಹೊಸದಲ್ಲ. 1795ರಲ್ಲಿ ವೆಸ್ಟ್ ಇಂಡೀಸ್‌ನಿಂದ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಮರ ದೇಶದೊಳಗೆ ಹರಡಿ, ಬೆಂಗಳೂರಿನ ರಸ್ತೆಗಳಲ್ಲಿ ಸಾಲುಮರವಾಗಿ ನಿಂತಿದೆ. ಕಂದು ಬಣ್ಣದ ಗಟ್ಟಿ ಕಾಯಿ ಒಡೆದು ರೆಕ್ಕೆಯ ಬೀಜಗಳು ಗಿರಗಿರನೆ ತಿರುಗುತ್ತ ಬೀಳುವುದನ್ನು ಅಲ್ಲಿಯವರು ನೋಡಿಯೇ ಇರುತ್ತಾರೆ. ಈಚೆಗೆ ರೈತರೂ ಹೊಲದ ಬದುವಿಗೆ ಮಹಾಗನಿ ಹಾಕುತ್ತಿದ್ದಾರೆ. ಸಸಿ ಮಾರುವವರು ಹೇಳುವ ಲಾಭದ ಲೆಕ್ಕವನ್ನು ಮಾತ್ರ ಎರಡು ಸಲ ಕೂಡಿ ನೋಡುವುದು ಒಳ್ಳೆಯದು.

ನ್ಯೂಜೆರ್ಸಿಯಲ್ಲಿ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳು ಹೋಗಿಬರುವ ನಮ್ಮವರು ಈಗ ಬಹಳ. ಫಿಲಡೆಲ್ಫಿಯಾ ಅಲ್ಲಿಂದ ಹತ್ತಿರ. ಸಾಮಾನ್ಯವಾಗಿ ಮಕ್ಕಳು ಬಿರುಕುಬಿಟ್ಟ ಲಿಬರ್ಟಿ ಗಂಟೆ ತೋರಿಸುತ್ತಾರೆ, ರಾಕಿ ಸಿನಿಮಾದಲ್ಲಿ ಬರುವ ಮೆಟ್ಟಿಲುಗಳ ಮೇಲೆ ಫೋಟೊ ತೆಗೆಸುತ್ತಾರೆ, ವಾಪಸ್ ಕರೆತರುತ್ತಾರೆ. ಗಂಟೆಯ ಎದುರಿನ ಇಂಡಿಪೆಂಡೆನ್ಸ್ ಹಾಲಿನೊಳಗೆ, 1787ರಲ್ಲಿ ಸಂವಿಧಾನ ಬರೆಯುವಾಗ ವಾಷಿಂಗ್ಟನ್ ಕೂತಿದ್ದ ಮಹಾಗನಿ ಕುರ್ಚಿ ಇದೆ. ಅದರ ಬೆನ್ನಿನ ಮೇಲೆ ಅರ್ಧ ಸೂರ್ಯ. ಅದು ಮುಳುಗುವ ಸೂರ್ಯನೋ ಹುಟ್ಟುವ ಸೂರ್ಯನೋ ಎಂದು ಫ್ರಾಂಕ್ಲಿನ್ ತಿಂಗಳುಗಟ್ಟಲೆ ಯೋಚಿಸುತ್ತ ಕೂತಿದ್ದರಂತೆ. ಇನ್ನು ರಾಕಿಯ ಮೆಟ್ಟಿಲು ಇರುವುದೇ ಕಲಾ ವಸ್ತುಸಂಗ್ರಹಾಲಯದ ಮುಂದೆ. ಫೋಟೊ ಆದ ಮೇಲೆ ಒಳಗೂ ಹೋಗಿ. ಕ್ಯಾಡ್ವಾಲಡರ್ ಮನೆಯ ಕುರ್ಚಿ ಯಾವ ಕೋಣೆಯಲ್ಲಿದೆ ಎಂದು ಬಾಗಿಲಲ್ಲೇ ಕೇಳಿಕೊಂಡು, ಹತ್ತಿರ ಹೋಗಿ, ಮಂಡಿ ಸಹಕರಿಸಿದರೆ ಬಗ್ಗಿ ಕಾಲು ನೋಡಿ.